ಮಾದರಿ ಓದು

ದಿವ್ಯಳಿಗೆ ಓದಲು ಬರುವುದಿಲ್ಲ ಎಂದು ತ್ರಿವೇಣಿ ಟೀಚರಿಗೆ ಗೊತ್ತಾದದ್ದು ಮಂಗಳವಾರ. ಹಿಂದೂಪುರದಲ್ಲಿ ಓದುವ ಸ್ಪರ್ಧೆ ಇದ್ದದ್ದು ಅದೇ ಭಾನುವಾರ. ಶಾಲೆಯಿಂದ ಸ್ಪರ್ಧೆಗೆ ಹೊರಟಿದ್ದವಳು ದಿವ್ಯಳೇ.

ಕೇಳಿದವರು ನಗಬಹುದು. ಎರಡನೇ ತರಗತಿಯ ಮಗುವಿಗೆ ಓದಲು ಬರುತ್ತದೋ ಇಲ್ಲವೋ ಅನ್ನುವುದು, ದಿನಾ ಅದರ ಮುಂದೆ ನಿಂತು ಗಂಟಲು ಹರಿದುಕೊಳ್ಳುವ ಟೀಚರಿಗೆ ಗೊತ್ತಾಗದೆ ಇರುತ್ತದೆಯೇ? ಇರುತ್ತದೆ ಸ್ವಾಮಿ, ಚೆನ್ನಾಗಿಯೇ ಇರುತ್ತದೆ. ನಮ್ಮಲ್ಲಿ ಪಾಠ ಮಾಡುವ ಕ್ರಮ ಹೇಗೆಂದರೆ, ಮೊದಲು ಟೀಚರು ಪಾಠವನ್ನು ಒಂದು ಸಲ ಗಟ್ಟಿಯಾಗಿ ಓದಬೇಕು. ಅದಕ್ಕೆ ಮಾದರಿ ಓದು ಅಂತ ಹೆಸರು. ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಅದನ್ನೇ ಓದಬೇಕು. ದಿವ್ಯ ಎದ್ದು ನಿಂತಳೆಂದರೆ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಮಾತೂ ತಪ್ಪದೆ, ಉಸಿರು ತೆಗೆಯುವ ಕಡೆ ಉಸಿರು ತೆಗೆದು, ಹಾಳೆ ಮಗುಚುವ ಕಡೆ ಮಗುಚಿ ಓದುತ್ತಿದ್ದಳು. ಕಾಪಿ ಬರೆದರೆ ಅಕ್ಷರಗಳು ಮುತ್ತು ಪೋಣಿಸಿದ ಹಾಗೆ ಇರುತ್ತಿದ್ದವು. ಅಂಥ ಮಗುವಿನ ಮೇಲೆ ಅನುಮಾನ ಪಡುವುದಕ್ಕೆ ಟೀಚರಿಗೇನು ಬೇರೆ ಕೆಲಸ ಇಲ್ಲವೇ? ತರಗತಿಯಲ್ಲಿ ಅನುಮಾನಕ್ಕೆ ಯೋಗ್ಯವಾದವರು ಬೇಕಾದಷ್ಟು ಜನ ಇದ್ದರು.

ಶಾಲೆ ಇದ್ದದ್ದು ಗಡಿಯಾಚೆ, ಬ್ರಹ್ಮಸಮುದ್ರದ ಕಡೆಯ ಒಂದು ಹಳ್ಳಿಯಲ್ಲಿ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಎರಡೂ ಬೆರೆತ ಗಲಾಟೆ. ತ್ರಿವೇಣಿ ಹಿಂದೂಪುರದವಳು. ಕಲ್ಯಾಣದುರ್ಗದಲ್ಲಿ ರೂಮು ಮಾಡಿಕೊಂಡು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಹೋಗುತ್ತಿದ್ದಳು. ಮೂಗಿನ ತುದಿಯಲ್ಲೇ ಕೋಪ. ಆದರೆ ಮಕ್ಕಳು ಒಂದು ಹೊಸ ಪದ ಬರೆದು ತೋರಿಸಿದರೆ ಅವರಿಗಿಂತ ಮೊದಲು ಕುಣಿಯುವವಳು ಅವಳೇ.

ಈ ಸಲದ ಸ್ಪರ್ಧೆಯಲ್ಲಿ ಕಥೆ ಇಲ್ಲ, ಮಾಹಿತಿ ಓದು ಅಂತ ಹಿಂದೂಪುರದ ಕನ್ನಡ ಸಂಘದವರು ತಿಳಿಸಿದ್ದರು. ಪ್ರಾಣಿಯೋ ಮರವೋ ಹಕ್ಕಿಯೋ ಯಾವುದಾದರೂ ಒಂದರ ಬಗ್ಗೆ ಒಂದು ಪುಟ. ತ್ರಿವೇಣಿಗೆ ಇದು ಇಷ್ಟವಾಯಿತು. ಕಥೆಯನ್ನಾದರೆ ಮೊದಲಿಂದ ಕೊನೆಯವರೆಗೆ ಓದಿದರೆ ಮುಗಿಯಿತು. ಮಾಹಿತಿಯಲ್ಲಿ ಬೇಕಾದದ್ದು ಎಲ್ಲಿದೆ ಎಂದು ಹುಡುಕಬೇಕು, ನಡುವೆ ನುಗ್ಗಬೇಕು, ಹಿಂದಕ್ಕೆ ಬರಬೇಕು. ಮಕ್ಕಳಿಗೆ ಅದರ ಅಭ್ಯಾಸ ಮಾಡಿಸಲೆಂದು ಇರುವೆಯ ಮೇಲೆ ಒಂದು ದೊಡ್ಡ ಚಾರ್ಟು ಬರೆದು ಗೋಡೆಗೆ ತೂಗುಹಾಕಿದಳು. ಮಂಗಳವಾರ ಅದನ್ನು ಒಂದು ಸಲ ಓದಿದಳು. ದಿವ್ಯ ಎದ್ದು ಎಂದಿನಂತೆ ನೀರು ಕುಡಿದ ಹಾಗೆ ಓದಿ ಮುಗಿಸಿದಳು.

"ಬಂಗಾರ ಕಣೆ ನೀನು. ಈಗ ಇರುವೆ ಏನ್ ತಿನ್ನುತ್ತೆ ಅಂತ ಎಲ್ಲಿ ಬರ್ದೈತೋ ಅಲ್ಲಿ ಬೆರಳಿಡು ನೋಡೋಣ" ಅಂದಳು ತ್ರಿವೇಣಿ.

ದಿವ್ಯ ನಗುತ್ತಾ ಬಂದು ಚಾರ್ಟಿನ ತಲೆಯ ಮೇಲೆ ಬೆರಳಿಟ್ಟು ಶುರುಮಾಡಿದಳು. "ಇರುವೆಗಳು ಗುಂಪಾಗಿ ಬಾಳುತ್ತವೆ..."

"ಮೊದಲಿಂದ ಬೇಡಮ್ಮ. ಅದೊಂದೇ ತೋರ್ಸು."

ಬೆರಳು ಗೊತ್ತುಗುರಿ ಇಲ್ಲದೆ ಅಲೆಯಿತು. ಕೊನೆಗೆ ಚಿತ್ರದಲ್ಲಿದ್ದ ಇರುವೆಯ ಕಾಲಿನ ಮೇಲೆ ಹೋಗಿ ನಿಂತಿತು. ಹಿಂದಿನ ಸಾಲಿನಿಂದ ಯುವರಾಜ ಎದ್ದು ಬಂದ. ಒಂದು ಸಾಲು ಓದುವಷ್ಟರಲ್ಲಿ ಬೆವರು ಸುರಿಸುವ ಹುಡುಗ ಅವನು. ಸೀದಾ ಬಂದು, 'ಸಕ್ಕರೆ' ಎಂಬ ಪದದ ಮೇಲೆ ಬೆರಳು ಒತ್ತಿ, ಗೆದ್ದವನ ಹಾಗೆ ತಿರುಗಿ ಹೋದ.

ತ್ರಿವೇಣಿ ಸೀಮೆಸುಣ್ಣ ಕೈಗೆತ್ತಿಕೊಂಡಳು. ಬೋರ್ಡಿನ ಮೇಲೆ 'ಹುಂಜ ಗೋಡೆ ಹತ್ತಿತು' ಎಂದು ಬರೆದು, ಏನೂ ಹೇಳದೆ ದಿವ್ಯಳ ಕಡೆ ತಿರುಗಿದಳು. ದಿವ್ಯ ಬೋರ್ಡನ್ನು ನೋಡಲೇ ಇಲ್ಲ. ಟೀಚರ ಬಾಯಿ ಯಾವಾಗ ತೆರೆಯುತ್ತದೋ ಎಂದು ಬಾಯಿಯನ್ನೇ ನೋಡುತ್ತಾ ನಿಂತಿದ್ದಳು.

ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತಾಗ ತ್ರಿವೇಣಿ ಹೆಡ್‌ಮಾಸ್ಟರ ರೂಮಿಗೆ ಹೋದಳು. ಅಮರೇಶಪ್ಪ ಕೆಟ್ಟವರಲ್ಲ. ನಿವೃತ್ತಿ ಹತ್ತಿರ ಬಂದಿದೆ, ಹೆಚ್ಚು ತೊಂದರೆ ಇಲ್ಲದೆ ದಡ ಸೇರಿದರೆ ಸಾಕು ಅನ್ನುವ ಜೀವ.

"ಸಾರ್, ದಿವ್ಯಾನ ಕಳ್ಸೋದು ಬೇಡ. ಅವಳಿಗೆ ಓದಕ್ಕೆ ಬರಲ್ಲ."

ಅಮರೇಶಪ್ಪ ನಕ್ಕುಬಿಟ್ಟರು. ಅವಳ ಮುಖ ನೋಡಿ ನಗು ನಿಂತಿತು. ತ್ರಿವೇಣಿ ನಡೆದದ್ದನ್ನೆಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಕೇಳಿದರು.

"ಅಲ್ಲೂ ಟೀಚರು ಒಂದ್ಸಲ ಮಾದರಿ ಓದು ಮಾಡ್ಬೇಕು ತಾನೇ?"

"ಹೂಂ ಸಾರ್. ಸಣ್ಣ ಮಕ್ಳು ಅಂತ ಹಂಗೆ ಇಟ್ಟವ್ರೆ."

"ಮತ್ತೇನಮ್ಮ ನಿನ್ನ ಕಷ್ಟ? ನೀನು ಓದ್ತೀಯ, ಅವ್ಳು ಒಪ್ಪಿಸ್ತಾಳೆ. ಗೆಲ್ತಾಳೆ. ಕಲ್ಯಾಣದುರ್ಗದ ಹಾಸ್ಟೆಲ್ ಶಾಲೇಲಿ ಸೀಟು ಸಿಗ್ತೈತೆ. ಮೂರನೇ ಕ್ಲಾಸಿಂದ ಹತ್ತರ ತನಕ ಊಟ, ಬಟ್ಟೆ, ಪುಸ್ತಕ ಎಲ್ಲಾ ಅವರದೇ. ಊರ ಮುಂದೆ ಆ ಹುಡುಗಿ ಫೋಟೋ ಹಾಕಿ ಫ್ಲೆಕ್ಸ್ ಕಟ್ಸಾಗೈತೆ."

"ಅದೇ ಸಾರ್ ನನ್ನ ಕಷ್ಟ. ಓದೋದ್ರಲ್ಲಿ ಫಸ್ಟ್ ಬಂದ ಹುಡುಗಿಗೆ ಅಲ್ಲಿ ಅಕ್ಷರ ಯಾರ್ ಕಲಿಸ್ತಾರೆ? ತುಂಬಿದ ಕ್ಲಾಸು. ಇನ್ನೊಂದೆರಡು ವರ್ಷ ನೆನಪಿನ ಮೇಲೆ ದೂಡ್ತಾಳೆ. ಆಮೇಲೆ ಪಾಠ ಉದ್ದ ಆಗ್ತವೆ, ಯಾರೂ ಓದಿ ಹೇಳಲ್ಲ. ಆವತ್ತು ಬಿದ್ರೆ ಎತ್ತೋರಿಲ್ಲ. ಸೋತು ಇಲ್ಲೇ ಉಳಿದ್ರೆ ನಾನು ಕಲಿಸ್ತೀನಿ."

"ವರ್ಷ ಎಲ್ಲಾ ಏನ್ ಕಲಿಸ್ತಿದ್ದೆ ಅಂತ ಅವರಜ್ಜಿ ಕೇಳಿದ್ರೆ ಏನಂತೀಯ?"

ಆ ಮಾತು ಸರಿಯಾದ ಜಾಗಕ್ಕೇ ಬಿದ್ದಿತ್ತು.

"ನೋಡಮ್ಮ" ಎಂದು ಅಮರೇಶಪ್ಪ ದನಿ ತಗ್ಗಿಸಿದರು, "ಕೈಗೆ ಬಂದ ತುತ್ತು ಕಿತ್ಕೊಂಡ ಪಾಪ ಬೇಡ. ಅದೇನಿದ್ರೂ ಆ ಮನೆಯೋರಿಗೆ ನೀನೇ ಹೇಳು. ನಂಗಾಗಲ್ಲ."

ಬುಧವಾರ ಸಂಜೆ ಬಸ್ಸು ತಪ್ಪಿಸಿಕೊಂಡು ತ್ರಿವೇಣಿ ಆ ಮನೆಗೆ ಹೋದಳು. ದಿವ್ಯಳ ತಾಯಿ ಆದಿಲಕ್ಷ್ಮಿ ಒಳಗೆ ಕೂಸಿಗೆ ಹಾಲೂಡುತ್ತಿದ್ದಳು. ಅಜ್ಜಿ ಮುನಿಯಕ್ಕ ಅಂಗಳದಲ್ಲಿ ಕೂತು ಯಾರದೋ ಮದುವೆಗೆ ಹಾಡಿನ ತಾಲೀಮು ನಡೆಸಿದ್ದಳು. ಸುತ್ತಲ ಊರುಗಳಲ್ಲಿ ಮದುವೆ ಅಂದರೆ ಸೋಬಾನೆ ಹಾಡುವುದಕ್ಕೆ ಮುನಿಯಕ್ಕ ಬರಲೇಬೇಕು. ಹಿಂದಿನವರು ಹಾಡಿದ್ದನ್ನು ಒಂದು ಸಲ ಕೇಳಿ ಕಲಿತವಳು. ರಾತ್ರಿ ಹಿಡಿದು ಬೆಳಗಿನ ತನಕ ಹಾಡಿದರೂ ಒಂದು ಸೊಲ್ಲು ಹಿಂದು ಮುಂದಾಗುವುದಿಲ್ಲ. ತಾಲೀಮಾದರೂ ಅವಳ ಕೈಯಲ್ಲಿ ಎಲೆಅಡಿಕೆಯ ಹಿತ್ತಾಳೆ ತಟ್ಟೆ ಇತ್ತು.

"ಬಾ ಟೀಚರಮ್ಮ, ಕೂಕೋ" ಎಂದು ಮುನಿಯಕ್ಕ ತಟ್ಟೆ ಕೆಳಗಿಟ್ಟಳು. "ಮನೇಲಿ ಹಾಡ್ಕಳಕ್ಕೂ ತಟ್ಟೆ ಯಾಕೆ ಅಂತ ನೋಡ್ತೀಯ? ತಟ್ಟೆ ಹಿಡೀದೆ ಪದ ಹೇಳಬಾರ್ದು ಕಣಮ್ಮ. ಬರಿಗೈಲಿ ಹೇಳಿದ್ರೆ ಪದಕ್ಕೆ ಮರ್ವಾದೆ ಇಲ್ಲ."

"ದಿವ್ಯಾನ ಬಗ್ಗೆ ಒಂದ್ ಮಾತು ಹೇಳಕ್ಕೆ ಬಂದೆ ಅಜ್ಜಿ."

"ಏನ್ ಹೇಳ್ತೀಯ ಬಿಡು, ನಂಗೊತ್ತಿಲ್ವಾ! ನನ್ ಮೊಮ್ಮಗಳು ಕಣಮ್ಮ ಅವ್ಳು. ನನ್ ಮಕ್ಕಳ್ಯಾರಿಗೂ ಬರ್ಲಿಲ್ಲ ಈ ವಿದ್ಯೆ, ಅವ್ಳಿಗೆ ಬಂತು. ನಾನೂ ಹಿಂದೂಪುರಕ್ಕೆ ಬತ್ತೀನಿ. ನನ್ ಕಣ್ಣಾರೆ ನೋಡ್ಬೇಕು." ಮುದುಕಿಯ ಕಣ್ಣು ತುಂಬಿ ಬಂತು. "ನಾನು ಹೆಬ್ಬೆಟ್ಟು ಒತ್ತಿದೋಳು. ಅಂಗಡಿಯೋನು ಬರ್ಕೊಟ್ಟಿದ್ದೇ ವೇದ. ಇವ್ಳೊಬ್ಳು ಹಂಗಾಗ್ದೆ ಇದ್ರೆ ಸಾಕಮ್ಮ."

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡು ತ್ರಿವೇಣಿಯದು. ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ಹೇಳಬೇಕಾದ್ದು ಹೇಳದೆ, ಮುನಿಯಕ್ಕ ಕೊಟ್ಟ ಬೇಯಿಸಿದ ಕಡಲೆಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಬಂದಳು. ದಾರಿಯುದ್ದಕ್ಕೂ ತನ್ನನ್ನು ತಾನೇ ಹೇಡಿ, ಹೇಡಿ ಎಂದು ಬೈದುಕೊಂಡಳು. ಬೈದುಕೊಂಡರೆ ಆಡದ ಮಾತು ಆಡಿದ ಹಾಗಾಗುತ್ತದೆಯೇ?

ಉಳಿದ ದಿನ ಶಾಲೆ ಬಿಟ್ಟ ಮೇಲೆ ದಿವ್ಯಳನ್ನು ಕೂರಿಸಿಕೊಂಡು ಅಕ್ಷರದ ಚೀಟಿಗಳನ್ನು ಹರಡಿದಳು. ದಿವ್ಯ ಮೊದಲ ಸಲಕ್ಕೇ ಎಲ್ಲವನ್ನೂ ಪಟಪಟ ಹೇಳಿದಳು. ತ್ರಿವೇಣಿಗೆ ಹೋದ ಜೀವ ಬಂತು. ಚೀಟಿಗಳನ್ನು ಕಲಸಿ ಮತ್ತೆ ಹರಡಿದಾಗಲೂ ಹುಡುಗಿ ಮೊದಲಿನ ಸಾಲನ್ನೇ ಒಪ್ಪಿಸಿದಳು. ಕಣ್ಣು ಕೆಲಸವನ್ನೇ ಮಾಡುತ್ತಿರಲಿಲ್ಲ. ಕಿವಿ ಇಷ್ಟು ಚುರುಕಾಗಿರುವಾಗ ಕಣ್ಣಿಗೆ ಕೆಲಸ ಕೊಡುವವರು ಯಾರು? ಗದರಿದರೆ ದಿವ್ಯ ಬೆದರುತ್ತಿದ್ದಳು, ತಾನು ಮಾಡಿದ ತಪ್ಪೇನು ಎಂಬುದು ಮಾತ್ರ ಅವಳಿಗೆ ಹೊಳೆಯುತ್ತಿರಲಿಲ್ಲ. ಶನಿವಾರದ ಹೊತ್ತಿಗೆ ನಾಲ್ಕಾರು ಅಕ್ಷರಗಳ ಗುರುತು ಹತ್ತಿತ್ತು, ಅದೂ ಅನುಮಾನ.

ಭಾನುವಾರ ಬೆಳಿಗ್ಗೆ ಕಲ್ಯಾಣದುರ್ಗದಲ್ಲಿ ಟೀಚರು, ಅಜ್ಜಿ, ಮೊಮ್ಮಗಳು ಮೂವರೂ ಹಿಂದೂಪುರದ ಬಸ್ಸು ಹತ್ತಿದರು. ಮುನಿಯಕ್ಕ ಮಗಳ ಮದುವೆಗೆ ತೆಗೆದ ರೇಷ್ಮೆ ಸೀರೆ ಉಟ್ಟಿದ್ದಳು. ಬಸ್ಸು ಊರು ದಾಟುವಷ್ಟರಲ್ಲಿ ಕಿಟಕಿಗೆ ಒರಗಿ ಗೊರಕೆ ಹೊಡೆಯತೊಡಗಿದಳು. ತ್ರಿವೇಣಿ ದಿವ್ಯಳ ಕಡೆ ಬಗ್ಗಿದಳು.

"ದಿವ್ಯಾ, ನಾನು ಓದಿದ್ಮೇಲೆ ನೀನು ಓದ್ತೀಯಲ್ಲ, ಆವಾಗ ಹಾಳೇಲಿ ಏನ್ ನೋಡ್ತೀಯ?"

"ಏನೂ ನೋಡಲ್ಲ ಟೀಚರ್. ಹಿಡ್ಕಂತೀನಿ."

"ನೋಡ್ದೆ ಇದ್ಮೇಲೆ ಯಾಕೆ ಹಿಡ್ಕಂತೀಯ?"

ದಿವ್ಯ ಆಶ್ಚರ್ಯದಿಂದ ಟೀಚರನ್ನು ನೋಡಿದಳು. ಇಷ್ಟು ದೊಡ್ಡವರಿಗೆ ಇದೂ ಗೊತ್ತಿಲ್ಲವೇ ಅನ್ನುವ ಹಾಗೆ. "ಹಿಡ್ಕಳ್ದೆ ಹೇಳಬಾರ್ದಲ್ಲ. ಪದ ಹೇಳೋವಾಗ ಅಜ್ಜಿ ತಟ್ಟೆ ಹಿಡ್ಕಂತಾಳೆ. ಶಾಲೇಲಿ ಪುಸ್ತಕ ಹಿಡ್ಕಂತಾರೆ. ನೀವೂ ಹಿಡ್ಕಂತೀರಲ್ಲ."

ತ್ರಿವೇಣಿ ಇನ್ನಷ್ಟು ಹತ್ತಿರಕ್ಕೆ ಬಗ್ಗಿದಳು. "ಹಂಗಾರೆ ನಾನು ಹೆಂಗೆ ಓದ್ತೀನಿ ಅಂದ್ಕಂಡಿದ್ದೆ?"

"ನಿಮ್ಗೆ ನಿಮ್ ಟೀಚರ್ ಹೇಳಿರ್ತಾರೆ. ಅವ್ರಿಗೆ ಅವ್ರ ಟೀಚರ್."

"ಯುವರಾಜ ತಡವರಿಸ್ತಾನಲ್ಲ, ಅದ್ಯಾಕೆ?"

"ಅವ್ನಿಗೆ ಜ್ಞಾಪಕ ಕಮ್ಮಿ, ಪಾಪ" ಅಂದಳು ದಿವ್ಯ, ನಿಜವಾದ ಕನಿಕರದಿಂದ.

ಮೋಸ ಇಲ್ಲ, ಕಳ್ಳತನ ಇಲ್ಲ. ಮಗು ಇಷ್ಟು ದಿನವೂ ಓದುವುದೆಂದರೆ ಇದೇ ಎಂದು ನಂಬಿ, ಆ ನಂಬಿಕೆಯಲ್ಲಿ ಎಲ್ಲರಿಗಿಂತ ಮುಂದೆ ಇತ್ತು. ತ್ರಿವೇಣಿಗೆ ಅಳು ಬಂತು, ತನ್ನ ಮೇಲೆ ಸಿಟ್ಟೂ ಬಂತು. ಚೀಲದಿಂದ ಒಂದು ಹಾಳೆ ತೆಗೆದು ಹೇಳಿದಳು. "ಇಲ್ಲ ಕಣಮ್ಮ. ಯಾರೂ ಹೇಳ್ಕೊಡ್ದೆ ಇದ್ರೂ ಓದಬೋದು. ಈ ಗೆರೆಗಳಿವೆ ನೋಡು, ಇವೇ ಮಾತು ಹೇಳ್ತವೆ."

ದಿವ್ಯ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ನಂಗೇನೂ ಹೇಳ್ತಿಲ್ವಲ್ಲ ಟೀಚರ್" ಅಂದಳು. ಅವಳ ದನಿಯಲ್ಲಿ ಮೊದಲ ಸಲ ಹೆದರಿಕೆ ಕಾಣಿಸಿತು. ಸ್ಪರ್ಧೆಗೆ ಹೊರಟ ಮಗುವಿಗೆ ಇಂಥ ಮಾತನ್ನು ಇವತ್ತೇ ಹೇಳಬೇಕಿತ್ತೇ ಎಂದು ತ್ರಿವೇಣಿ ನಾಲಗೆ ಕಚ್ಚಿಕೊಂಡಳು. ಆಡಿದ್ದು ಆಗಿಹೋಗಿತ್ತು.

ಹಿಂದೂಪುರದಲ್ಲಿ ಸ್ಪರ್ಧೆ ಇದ್ದದ್ದು ಮಾರ್ಕೆಟ್ಟಿನ ಹಿಂದಿನ ಒಂದು ಕಲ್ಯಾಣ ಮಂಟಪದಲ್ಲಿ. ಹೊರಗೆ ಹುಣಸೆಹಣ್ಣಿನ ಮೂಟೆ ತುಂಬಿದ ಲಾರಿಗಳು ದಾರಿಗಡ್ಡ ನಿಂತಿದ್ದವು. ಒಳಗೆ ಕುರ್ಚಿ ತುಂಬಾ ಜನ. ಸಂಘದ ನಟರಾಜ್ ಅವರಿಗೆ ಮೈಕು ಕೈಗೆ ಸಿಕ್ಕಿದರೆ ಹಬ್ಬ. ದಿನಸಿ ಮಂಡಿಯ ಸಾಹುಕಾರರು, ಕನ್ನಡದ ಮೇಲೆ ಪ್ರಾಣ. ತೀರ್ಪು ಹೇಳಲು ಬಂದಿದ್ದವರು ಪದ್ಮಲತಾ, ಬಹಳ ಕಾಲ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು.

ಎಲ್ಲ ಮಕ್ಕಳಿಗೂ ಒಂದೇ ಪುಟ. ಒಬ್ಬರು ಓದುವಾಗ ಉಳಿದವರಿಗೆ ಕೇಳಿಸಬಾರದೆಂದು ಮಕ್ಕಳನ್ನೂ ಟೀಚರುಗಳನ್ನೂ ಪಕ್ಕದ ಕೋಣೆಯಲ್ಲಿ ಕೂರಿಸಿದ್ದರು. ಓದಿ ಮುಗಿಸಿದವರು ಸಭೆಯ ಮುಂದಿನ ಸಾಲಿನಲ್ಲಿ ಕೂರಬೇಕು. ದಿವ್ಯ ಕೊನೆಯವಳು. ಅವಳಿಗಿಂತ ಮೊದಲು ರೊದ್ದಂ ಕಡೆಯ ಮಧು ಎಂಬ ಹುಡುಗನನ್ನು ಕರೆದಾಗ ದಿವ್ಯಳನ್ನೂ ತ್ರಿವೇಣಿಯನ್ನೂ ಬಾಗಿಲ ಹತ್ತಿರ ತಂದು ನಿಲ್ಲಿಸಿದರು. ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ, ಹುಡುಗ ಮಾತ್ರ ಕಾಣುತ್ತಿದ್ದ. ಎರಡು ಪದ ಓದಿ ನಿಲ್ಲುತ್ತಿದ್ದ. ಹಿಂದಕ್ಕೆ ಹೋಗುತ್ತಿದ್ದ. ಹಣೆ ಸುಕ್ಕುಮಾಡಿ ಪುಟವನ್ನು ದಿಟ್ಟಿಸಿ, ಏನೋ ಸಿಕ್ಕಿದವನ ಹಾಗೆ ತಟ್ಟನೆ ಮುಂದಕ್ಕೆ ಹೋಗುತ್ತಿದ್ದ. ಅವನ ಕಣ್ಣು ಆ ಹಾಳೆಯನ್ನು ಬಿಟ್ಟು ಕದಲುತ್ತಿರಲಿಲ್ಲ. ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಅನ್ನುತ್ತಾರಲ್ಲ, ಆ ಹುಡುಗ ನಡೆಯುತ್ತಿದ್ದ. ತ್ರಿವೇಣಿಗೆ ಅವನನ್ನು ನೋಡಿ ಹೊಟ್ಟೆ ಉರಿಯಿತು. ಈ ದಿವ್ಯಳನ್ನು ಎಡವಗೊಡದೆ ಕೂರಿಸಿಬಿಟ್ಟೆವಲ್ಲ ಎನ್ನಿಸಿತು.

ಮಾದರಿ ಓದು ಮಾಡುವುದಿಲ್ಲ ಎಂದು ಆಗಲೇ ನಿಶ್ಚಯಿಸಿದಳು. ಮಗುವನ್ನು ಬಾಯಿ ಕಟ್ಟಿ ನಿಲ್ಲಿಸುವ ಮನಸ್ಸೂ ಅವಳಿಗಿರಲಿಲ್ಲ. ಸಭೆಗೆ ಎರಡು ಮಾತು ಹೇಳಿ, ನಮ್ಮ ಹುಡುಗಿ ಸ್ಪರ್ಧೆಯಲ್ಲಿಲ್ಲ ಎಂದು ಕೈಮುಗಿದು ಕರೆದುಕೊಂಡು ಹೋಗುವುದು ಎಂದುಕೊಂಡಳು. ಹೆಸರು ಕರೆದರು. ಇಬ್ಬರೂ ವೇದಿಕೆ ಹತ್ತಿದರು. ಮುನಿಯಕ್ಕ ಎರಡನೇ ಸಾಲಿನಲ್ಲಿ ಸೀರೆಯ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ತ್ರಿವೇಣಿ ಮೈಕಿನ ಮುಂದೆ ನಿಂತಳು. "ನಮ್ಮ ಹುಡುಗಿಗೆ ನಾನು ಮಾದರಿ ಓದು ಮಾಡಲ್ಲ ಸಾರ್. ಯಾಕಂದ್ರೆ..."

ಯಾಕೆಂದು ಕೇಳುವ ತಾಳ್ಮೆ ನಟರಾಜ್ ಅವರಿಗೆ ಎಲ್ಲಿಂದ ಬರಬೇಕು? ಮೈಕು ಕಿತ್ತುಕೊಂಡೇ ಬಿಟ್ಟರು. "ಕೇಳಿದ್ರಾ ಬಂಧುಗಳೇ! ಈ ಪುಟಾಣಿಗೆ ಮಾದರಿ ಓದೇ ಬೇಡವಂತೆ! ಯಾರೂ ಹೇಳಿಕೊಡದೆ ತಾನೇ ಓದುತ್ತಾಳಂತೆ! ಗಡಿನಾಡ ಕನ್ನಡದ ಗಂಡೆದೆ ಅಂದರೆ ಇದು!"

ಸಭೆ ಚಪ್ಪಾಳೆಯಿಂದ ಅದುರಿತು. ಮುನಿಯಕ್ಕ ಪಕ್ಕದವಳ ತೊಡೆ ತಟ್ಟಿ "ನನ್ ಮೊಮ್ಮಗಳು" ಅನ್ನುವುದು ಕಾಣಿಸಿತು. ತ್ರಿವೇಣಿ ಕೈ ಅಡ್ಡ ಆಡಿಸಿದಳು, "ಹಂಗಲ್ಲ ಸಾರ್" ಅಂದಳು, ಆ ಗದ್ದಲದಲ್ಲಿ ಕೇಳುವವರಿರಲಿಲ್ಲ. ಅಷ್ಟರಲ್ಲಿ ಪುಟ ದಿವ್ಯಳ ಕೈ ಸೇರಿಯಾಗಿತ್ತು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯೆತ್ತಿ, ಟೀಚರ ಬಾಯಿಯನ್ನು ನೋಡಿದಳು.

ಪದ್ಮಲತಾ ಒಬ್ಬರಿಗೇ ಏನೋ ಸರಿಯಿಲ್ಲ ಎನ್ನಿಸಿರಬೇಕು. ಮೆಲ್ಲಗೆ ಹೇಳಿದರು. "ಪರವಾಗಿಲ್ಲಮ್ಮ, ಒಂದ್ಸಲ ಓದಿಬಿಡಿ. ಚಿಕ್ಕ ಮಗು."

ಆ ಪುಟದಲ್ಲಿ ಎಂಟು ಹತ್ತು ಸಾಲು. ಅರೆ ನಿಮಿಷದ ಕೆಲಸ. ಓದಿದರೆ ಸೀಟು ದಿವ್ಯಳದು, ಮುದುಕಿಯ ಹಿಗ್ಗು ಹಾಗೇ ಉಳಿಯುತ್ತದೆ, ಅಮರೇಶಪ್ಪನವರ ಫ್ಲೆಕ್ಸು ಉಳಿಯುತ್ತದೆ, ತನ್ನ ಮಾನವೂ ಉಳಿಯುತ್ತದೆ. ಓದಿದರೆ ಈ ಹುಡುಗಿಗೆ ಓದಲು ಬರುವುದಿಲ್ಲ ಎಂದು ಇನ್ನು ಯಾರೂ ಯಾವತ್ತೂ ನಂಬುವುದಿಲ್ಲ. ತ್ರಿವೇಣಿ ಪದ್ಮಲತಾ ಅವರಿಗೆ ಕೈಮುಗಿದಳು.

"ಬೇಡ ಮೇಡಂ" ಅಂದಳು.

ದಿವ್ಯ ಕಾದಳು. ಆ ಬಾಯಿ ತೆರೆಯಲಿಲ್ಲ. ಸಭೆ ಕಾದಿತು. ದಿವ್ಯ ಕೊನೆಗೆ ತನ್ನ ಕೈಯಲ್ಲಿದ್ದ ಪುಟದ ಕಡೆ ನೋಡಿದಳು. ಅದರಲ್ಲಿ ಚಿತ್ರವೊಂದಿತ್ತು, ಗೂಬೆಯ ಚಿತ್ರ. ಹುಡುಗಿಯ ಮುಖ ಅರಳಿತು. ಗಂಟಲು ಸರಿಮಾಡಿಕೊಂಡು, ಅಜ್ಜಿ ಪದ ಎತ್ತುವಾಗಿನ ಗತ್ತಿನಲ್ಲಿ ಶುರುಮಾಡಿದಳು.

"ಗೂಬೆ ನಮ್ ಹಾಳುಬಾವಿ ಗೋಡೆ ತೂತಿನಾಗೆ ಐತೆ. ಮೂತಿ ಬೆಳ್ಳಗೆ, ಗುಂಡಗೆ ಐತೆ. ಹಗಲೆಲ್ಲ ಮಲಗ್ತೈತೆ, ಕತ್ತಲಾದ್ಮೇಲೆ ಇಲಿ ಹಿಡೀತೈತೆ. ಇಲೀನ ಅಗಿಯಲ್ಲ, ಹಂಗೇ ನುಂಗ್ತೈತೆ. ಆಮೇಲೆ ಕೂದ್ಲು ಮೂಳೆ ಎಲ್ಲಾ ಉಂಡೆ ಕಟ್ಟಿ ಉಗುಳ್ತೈತೆ. ಆ ಉಂಡೆ ಒಡೆದ್ರೆ ಒಳಗೆ ಇಲಿ ತಲೆಬುರುಡೆ ಸಿಗ್ತೈತೆ, ಸಣ್ಣದು, ಹಲ್ಲೂ ಇರ್ತವೆ. ಗೂಬೆ ಕೆಟ್ಟದ್ದು ಅಂತ ಎಲ್ರೂ ಕಲ್ಲು ಹೊಡೀತಾರೆ. ಆದ್ರೆ ನಮ್ ಬಾವಿ ಹತ್ರದ ಹೊಲ್ದಾಗೆ ಇಲಿ ಕಡ್ಲೆಕಾಯಿ ತಿನ್ನಲ್ಲ."

ಮುಂದಿನ ಸಾಲಿನಲ್ಲಿ ಕೂತಿದ್ದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಪುಟವನ್ನು ಈಗಷ್ಟೇ ಓದಿ ಬಂದವರು ಅವರು. ಒಬ್ಬ ಎದ್ದು ನಿಂತು ಕೂಗಿಯೇಬಿಟ್ಟ. "ಅದ್ರಾಗೆ ಹಂಗಿಲ್ಲ! ಇವ್ಳು ಸುಳ್ಳುಸುಳ್ಳೇ ಓದ್ತಾವ್ಳೆ!"

ನಗು ಎದ್ದಿತು. ಮೊದಲು ಮಕ್ಕಳದು, ಆಮೇಲೆ ದೊಡ್ಡವರದು. ನಟರಾಜ್ ಮೈಕಿನಲ್ಲಿ "ಪಾಪ, ಹೆದರಿದೆ, ಹೆದರಿದೆ" ಅ‌ನ್ನುತ್ತಾ ತಾವೂ ನಕ್ಕರು. ದಿವ್ಯ ನಗುವ ಮಕ್ಕಳನ್ನು ನೋಡಿದಳು, ಪುಟವನ್ನು ನೋಡಿದಳು, ಮತ್ತೆ ಮಕ್ಕಳನ್ನು ನೋಡಿದಳು. ಅವರೆಲ್ಲರಿಗೂ ಕಂಡದ್ದು ಏನೋ ಈ ಹಾಳೆಯಲ್ಲಿ ಇದೆ, ತನಗೊಬ್ಬಳಿಗೇ ಅದು ಕಾಣುತ್ತಿಲ್ಲ ಎಂದು ಆ ಮಗುವಿಗೆ ಗೊತ್ತಾದದ್ದು ಅಲ್ಲಿ, ಅಷ್ಟು ಜನರ ಮುಂದೆ. ಅವಳು ಅಳಲಿಲ್ಲ. ಅತ್ತಿದ್ದರೆ ನೋಡುವುದು ಸುಲಭವಾಗುತ್ತಿತ್ತು.

ತ್ರಿವೇಣಿ ಈ ಸಲ ಮೈಕನ್ನು ತಾನೇ ಕಿತ್ತುಕೊಂಡಳು. "ನಗಬೇಡಿ. ಮಗುವಿಂದೇನೂ ತಪ್ಪಿಲ್ಲ. ಇವಳಿಗೆ ಓದಕ್ಕೆ ಬರಲ್ಲ. ನಾನು ಕಲಿಸಿಲ್ಲ. ಕಲಿಸಿದೀನಿ ಅಂದ್ಕೊಂಡು ಚಪ್ಪಾಳೆ ತಟ್ಟಿಸ್ತಿದ್ದೆ" ಅಂದಳು. ಹುಡುಗಿಯ ಕೈ ಹಿಡಿದು ಕೆಳಗಿಳಿದಳು.

ಸೀಟು ಮಧುವಿಗೆ ಹೋಯಿತು. ಅದನ್ನು ಕೇಳಲು ಅವರು ಅಲ್ಲಿರಲಿಲ್ಲ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಮೂವರೂ ಕೂತಿದ್ದಾಗ ಅಮರೇಶಪ್ಪನವರ ಫೋನು ಬಂತು. ಸುದ್ದಿ ಆಗಲೇ ಮುಟ್ಟಿತ್ತು. "ನೀನೇ ಕೆಡಿಸ್ದೆ ಕಣಮ್ಮ. ನಾಳೆ ಊರೋರ ಮುಂದೆ ನೀನೇ ನಿಂತ್ಕೋ" ಎಂದು ಇಟ್ಟುಬಿಟ್ಟರು.

"ನೀನು ಓದಿದ್ದಿದ್ರೆ ನನ್ ಮೊಮ್ಮಗಳು ಗೆಲ್ತಿದ್ಲು" ಅಂದಳು ಮುನಿಯಕ್ಕ, ಎದುರಿಗೆ ನಿಂತ ಬಸ್ಸನ್ನು ನೋಡುತ್ತಾ.

"ಹೂಂ ಅಜ್ಜಿ."

"ಗೊತ್ತಿದ್ದೂ ಬಾಯಿ ಮುಚ್ಕಂಡೆ."

"ಹೂಂ."

"ಮನೆಗೆ ಬಂದಿದ್ಯಲ್ಲ ಆವತ್ತು. ನನ್ ಕಡ್ಲೆಕಾಯಿ ಕಟ್ಟಿಸ್ಕಂಡು ಹೋದ್ಯಲ್ಲ. ಆವತ್ತು ಹೇಳಕ್ಕೆ ನಾಲ್ಗೆ ಬಿದ್ದೋಗಿತ್ತಾ? ಇಷ್ಟು ಜನದ ಮುಂದೆ ನನ್ ಕೂಸಿನ ಮಾನ ಕಳೆದ್ಯಲ್ಲೇ ತಾಯಿ."

ಮುದುಕಿ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ನನ್ನ ಕೈಯಾರೆ ಸೀಟು ಕಳೆದೆ ಎಂದುಕೊಂಡಳು ತ್ರಿವೇಣಿ. ಅದು ಹೋಗಲಿ, ಇನ್ನು ಈ ಹುಡುಗಿ ಪುಸ್ತಕ ಕಂಡರೆ ಓಡಿಹೋಗುವ ಹಾಗೆ ಮಾಡಿಬಿಟ್ಟೆನೇ? ಕಲಿಸುತ್ತೇನೆಂದು ಕೂತಾಗ ಕಲಿಯುವವಳೇ ಇಲ್ಲದಿದ್ದರೆ? ಪಕ್ಕಕ್ಕೆ ತಿರುಗಿ ದಿವ್ಯಳನ್ನು ನೋಡುವ ಧೈರ್ಯವೂ ಅವಳಿಗೆ ಆಗಲಿಲ್ಲ.

ದಿವ್ಯ ಸ್ಪರ್ಧೆಯ ಆ ಪುಟವನ್ನು ಹಿಡಿದುಕೊಂಡೇ ಬಂದಿದ್ದಳು. ಬೆವರಿಗೆ ಮುದುರಿಹೋಗಿತ್ತು.

"ಟೀಚರ್, ನಾ ಹೇಳಿದ್ದು ಸುಳ್ಳಾ?"

"ಇಲ್ಲಮ್ಮ. ನೀ ಹೇಳಿದ್ದೆಲ್ಲಾ ನಿಜ. ಈ ಹಾಳೇಲಿ ಬೇರೆ ಬರ್ದವ್ರೆ, ಅಷ್ಟೆ."

"ಉಂಡೆ ವಿಷ್ಯ ಬರ್ದಿಲ್ವಾ?"

"ಇಲ್ಲ."

"ಹಾಳುಬಾವಿ?"

"ಅದೂ ಇಲ್ಲ. ಅವ್ರಿಗೆ ಗೊತ್ತಿಲ್ವಲ್ಲ."

ದಿವ್ಯ ಮುದುರಿದ ಹಾಳೆಯನ್ನು ಅಂಗೈಯಿಂದ ನೀವಿದಳು. ಕಂಡಕ್ಟರು "ಕಲ್ಯಾಣದುರ್ಗಂ, ಕಲ್ಯಾಣದುರ್ಗಂ, ಎಕ್ಕಂಡಿ ಎಕ್ಕಂಡಿ" ಎಂದು ಜನರನ್ನು ಹತ್ತಿಸುತ್ತಾ ಬಸ್ಸಿನ ಬಾಗಿಲು ಬಡಿಯುತ್ತಿದ್ದ. ಜನ ನುಗ್ಗುತ್ತಿದ್ದರು.

"ಹಂಗಾರೆ ಬರೀರಿ" ಅಂದಳು ದಿವ್ಯ.

ತ್ರಿವೇಣಿ ಚೀಲದಲ್ಲಿ ತಡಕಾಡಿ ಪೆನ್ನು ತೆಗೆದಳು. ಹಾಳೆಯ ಬೆನ್ನನ್ನು ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡಳು. ಬರೆಯಲು ಬಗ್ಗಿದಾಗ ಒಂದು ಸಣ್ಣ ಕೈ ಬಂದು ಪೆನ್ನನ್ನು ಹಿಡಿಯಿತು.

"ನೀವ್ ಬೇಡ. ನೀವ್ ಬರೆದ್ರೆ ನಂಗೆ ಕಾಣಲ್ಲ. ನಾನೇ ಬರೀತೀನಿ." ದಿವ್ಯ ಪೆನ್ನು ಕಿತ್ತುಕೊಂಡು, ಬೆಂಚಿನಿಂದ ಇಳಿದು, ಮಣ್ಣಿನಲ್ಲಿ ಮೊಣಕಾಲೂರಿ, ಹಾಳೆಯನ್ನು ಬೆಂಚಿನ ಮೇಲೆ ಹರಡಿದಳು. "ಗೂ ಹೆಂಗೆ ಟೀಚರ್?"

ಅಕ್ಷರವೊಂದನ್ನು ಹೇಗೆ ಬರೆಯುವುದೆಂದು ಆ ಹುಡುಗಿ ಅದುವರೆಗೆ ಯಾರನ್ನೂ ಕೇಳಿರಲಿಲ್ಲ. ಕೇಳಬೇಕಾದದ್ದು ಇದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ತ್ರಿವೇಣಿಯ ಕಣ್ಣು ಮಂಜಾಯಿತು. ಬಸ್ಸು ಹಾರನ್ ಹೊಡೆದು ಹಿಂದಕ್ಕೆ ಬರತೊಡಗಿತು. ಇದು ಹೋದರೆ ಇನ್ನೊಂದು ಸಂಜೆಗೇ. ಅವಳು ಗಾಬರಿಯಿಂದ ಮುನಿಯಕ್ಕನ ಕಡೆ ನೋಡಿದಳು.

ಮುನಿಯಕ್ಕ ಏಳಲಿಲ್ಲ. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು, ಟೀಚರನ್ನು ಕ್ಷಮಿಸಿದ ಗುರುತು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ.

"ಬಸ್ಸೇನ್ ನೋಡ್ತೀಯ?" ಎಂದು ಗದರಿದಳು. "ಮಗಾ ಕೇಳ್ತಾವ್ಳೆ, ಹೇಳ್ಕೊಡು."